ಗಿಂಡಿ ತಿಕೋಟಾದಲ್ಲಿ, ಮುಚ್ಚಳ ಬಬಲೇಶ್ವರದಲ್ಲಿ

ಯಾರ ಮನೆಗೆ ಹೋದರೂ ಚಹಾದ ಪಾತ್ರೆಯನ್ನು ಎತ್ತಿ ಅದರ ತಳ ನೋಡುವ ಚಾಳಿ ನನಗಿದೆ. ಒಳ್ಳೆಯ ಚಾಳಿಯೇನಲ್ಲ. ಹೋದ ತಿಂಗಳು ಒಬ್ಬ ಬಸುರಿಯ ಕುಬಸದ ಊಟಕ್ಕೆ ಹೋಗಿದ್ದಾಗ, ಮಾತಿನ ಭರದಲ್ಲಿ, ಕೈಯಲ್ಲಿದ್ದ ಕಪ್ಪನ್ನೇ ಓರೆ ಮಾಡಿ ತಳ ನೋಡಲು ಹೋಗಿ ಅರ್ಧ ಚಹಾ ಸೀರೆಯ ಮೇಲೆ ಸುರಿದುಕೊಂಡೆ. ಆ ಮನೆಯ ಹಿರಿಯಳು, ಪಾಪ, ಕಪ್ಪು ತೊಳೆದದ್ದು ಸರಿಯಿಲ್ಲವೆಂದು ನಾನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡು ಒಳಗೆ ಹೋಗಿ ಸೊಸೆಯನ್ನು ಗದರಿಸಿದಳಂತೆ. ಆ ಸೊಸೆ ಈಗ ನನ್ನನ್ನು ಎಲ್ಲಿ ಕಂಡರೂ ಮುಖ ತಿರುವುತ್ತಾಳೆ. ಈ ವಯಸ್ಸಿನಲ್ಲಿ ಹೊಸ ವೈರಿಗಳನ್ನು ಮಾಡಿಕೊಳ್ಳುವ ಹವ್ಯಾಸ ಎಲ್ಲರಿಗೂ ಇರುವುದಿಲ್ಲ, ಬಿಡಿ.

ಈ ಚಾಳಿ ಅಂಟಿದ್ದು ಎಲ್ಲಿಂದ ಎಂದು ಕೇಳಿದರೆ ವಿಜಾಪುರದ ಸ್ಟೇಷನ್ ರಸ್ತೆಯಿಂದ ಶುರುಮಾಡಬೇಕು. ಅಪ್ಪ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ನಮ್ಮಲ್ಲಿ ಚಹಾ ಎಂದರೆ ಹಿತ್ತಾಳೆ ಬೋಗುಣಿಯಲ್ಲಿ ಬೆಲ್ಲ, ಹಾಲು, ಪುಡಿ ಎಲ್ಲವನ್ನೂ ಒಟ್ಟಿಗೆ ಹಾಕಿ, ಬೋಗುಣಿಯೇ ಬೇಸತ್ತು ಉಕ್ಕುವತನಕ ಕುದಿಸಿದ ದ್ರವ. ಅಪ್ಪ ಅದನ್ನು ಬಶಿಗೆ ಸುರಿದುಕೊಂಡು ಸುರ್ರೆಂದು ಎಳೆದರೆ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದ ಅವ್ವನಿಗೆ ಕೇಳುತ್ತಿತ್ತು. ಎರಡು ಸಲ ಎಳೆದರೆ ಚಹಾ ಸರಿಯಾಗಿದೆ ಎಂದು, ಒಂದೇ ಸಲ ಎಳೆದು ಸುಮ್ಮನಾದರೆ ಬೆಲ್ಲ ಕಡಿಮೆ ಎಂದು ಅರ್ಥ. ಅವರಿಬ್ಬರ ಸಂಸಾರದ ಅರ್ಧ ಮಾತುಕತೆ ಹಾಗೆಯೇ ನಡೆಯಿತು.

ನಮ್ಮ ಓಣಿಯ ತುದಿಗೆ ಒಬ್ಬ ಮುದುಕ ಡಾಕ್ಟರರಿದ್ದರು. ಎಲ್ಲರೂ ಅವರನ್ನು ರಂಗೂನ್ ಡಾಕ್ಟರು ಎನ್ನುತ್ತಿದ್ದರು. ಮಹಾಯುದ್ಧದಲ್ಲಿ ರಂಗೂನಿನ ಮೇಲೆ ಬಾಂಬು ಬಿದ್ದಾಗ ಎಲ್ಲವನ್ನೂ ಬಿಟ್ಟು ಕಾಡಿನೊಳಗೆ ನಡೆಯುತ್ತ ಹಿಂದುಸ್ತಾನಕ್ಕೆ ಬಂದವರು. ಆ ದಾರಿಯುದ್ದಕ್ಕೂ ಹೊಟ್ಟೆಗೆ ಬಟ್ಟೆಯಲ್ಲಿ ಕಟ್ಟಿಕೊಂಡು ತಂದದ್ದು ಒಂದು ಚೀನೀ ಮಣ್ಣಿನ ಚಹಾ ಗಿಂಡಿ. ಬಂಗಾರವನ್ನಲ್ಲ, ಕಾಗದಪತ್ರವನ್ನಲ್ಲ, ಗಿಂಡಿಯನ್ನು! ಅದಕ್ಕೆ ಮೆರುಗಿಲ್ಲ, ಚಿತ್ರವಿಲ್ಲ. ಹಸಿ ಗಜ್ಜರಿಯ ಸಿಪ್ಪೆಗೂ ಹಳೆ ಇಟ್ಟಿಗೆಗೂ ನಡುವಿನ ಒಂದು ಬಣ್ಣ. ಹೊಟ್ಟೆ ದುಂಡಗೆ, ಸೊಂಡಿಲು ಗಿಡ್ಡ, ಮುಷ್ಟಿಯೊಳಗೆ ಹಿಡಿಸುವಷ್ಟು ಗಾತ್ರ. ತಳದಲ್ಲಿ ಚೀನೀ ಅಕ್ಷರಗಳ ಚೌಕಾಕಾರದ ಒಂದು ಮುದ್ರೆ.

ನಾನು ಸಣ್ಣವಳಿದ್ದಾಗ ಅವರ ಕಟ್ಟೆಯ ಮೇಲೆ ಕೂತು ಆ ಗಿಂಡಿಯನ್ನು ನೋಡುತ್ತಿದ್ದೆ. ಅವರು ಮೊದಲು ಅದರ ಮೈಮೇಲೆ ಬಿಸಿನೀರು ಹೊಯ್ಯುತ್ತಿದ್ದರು, ಕೂಸಿಗೆ ಎರೆದ ಹಾಗೆ. ಒಮ್ಮೆ ನನಗೂ ಒಂದು ಗುಟುಕು ಕೊಟ್ಟರು. ಹಾಲಿಲ್ಲ, ಬೆಲ್ಲವಿಲ್ಲ. ನಾನು ಓಡಿಹೋಗಿ ಅವರ ತುಳಸಿ ಕಟ್ಟೆಯ ಬುಡಕ್ಕೆ ಉಗುಳಿದೆ. ಅವರು ನಕ್ಕು, "ನಿನಗ ಚಹಾ ಬ್ಯಾಡ ಬಿಡು, ಗಿಂಡಿ ನೋಡಾಕ ಬಾ" ಎಂದರು. ಹಾಗೆ ಆ ಬರೀ ಚಹಾ ನನಗೆ ಕೊನೆಯತನಕ ಹಿಡಿಸಲಿಲ್ಲ, ಗಿಂಡಿ ಹಿಡಿಸಿತು. ಆ ತಳದ ಮುದ್ರೆಯನ್ನು ನನ್ನ ಚಿತ್ರಕಲೆ ವಹಿಯಲ್ಲಿ ಬಹಳ ಶ್ರದ್ಧೆಯಿಂದ ಬರೆದುಕೊಂಡಿದ್ದೆ. ಅದನ್ನು ತಲೆಕೆಳಗಾಗಿ ಬರೆದಿದ್ದೆನೋ ಸರಿಯಾಗಿ ಬರೆದಿದ್ದೆನೋ ನನಗೂ ಗೊತ್ತಿರಲಿಲ್ಲ, ಡಾಕ್ಟರರಿಗೂ ಗೊತ್ತಿರಲಿಲ್ಲ.

ನನಗೆ ಹತ್ತೊಂಬತ್ತು ತುಂಬಿ, ಟ್ರೇನಿಂಗ್ ಮುಗಿದು, ತಿಕೋಟಾದ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಿ ಹುಕುಂ ಬಂದಾಗ ಡಾಕ್ಟರರು ಸೊಂಡಿಲಿನ ತುದಿ ಮುಕ್ಕಾಗಿದ್ದ ಇನ್ನೊಂದು ಗಿಂಡಿಯನ್ನು ಎಲ್ಲಿಂದಲೋ ಹುಡುಕಿ ಕೊಟ್ಟರು. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ವಿಜಾಪುರದಂಥ ಊರಿನಲ್ಲಿ ಚೀನಾದ ಗಿಂಡಿ ಎಲ್ಲಿಂದ ಬರಬೇಕು ಎನ್ನಬೇಡಿ. ಮುಂಬಯಿ ಬಂದರದಲ್ಲಿ ದುಡಿದು ಬಂದವರ ಟ್ರಂಕಿನಲ್ಲಿ ಬಂದಿದ್ದವು, ರೇಷ್ಮೆ ಬಟ್ಟೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದ ಚೀನೀ ವ್ಯಾಪಾರಿಗಳಿಂದ ಬಂದಿದ್ದವು. ಒಂದು ಹಳೆಯ ವಾಡೆಯಲ್ಲಿ ದೀಪಕ್ಕೆ ಎಣ್ಣೆ ಹಾಕಲು ಇಟ್ಟುಕೊಂಡಿದ್ದರು. ಬಳೆಗಾರ್ತಿಯೊಬ್ಬಳು ಅದರಲ್ಲಿ ಪಿನ್ನು ತುಂಬಿದ್ದಳು. ನಾನು ಹೊಸ ಅಲ್ಯುಮಿನಿಯಂ ಕಿಟ್ಲಿ ಕೊಟ್ಟು ಹಳೆಯ ಗಿಂಡಿ ಇಸಿದುಕೊಳ್ಳುತ್ತಿದ್ದೆ. ಅವರಿಗೂ ಸಂತೋಷ, ನನಗೂ ಸಂತೋಷ. ಅವ್ವನಿಗೆ ಮಾತ್ರ ಸಂತೋಷವಿರಲಿಲ್ಲ.

"ಮಂದಿ ಹುಡುಗ್ಯಾರು ಪಗಾರ ಬಂದ್ರ ಗುಂಜಿ ಗುಂಜಿ ಬಂಗಾರ ಕೂಡಿಸ್ತಾರ. ನೀ ಮಣ್ಣ ಕೂಡಸಾಕತ್ತಿ. ನಿನ್ನ ಮದಿವಿಗೆ ಬೀಗರ ಕೊಳ್ಳಾಗ ಈ ಗಿಂಡಿ ಕಟ್ಟಲೇನ ಬೇ?" ಎನ್ನುತ್ತಿದ್ದಳು.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದೆ ಹೇಳಬೇಕಾದದ್ದನ್ನು ನಾನು ಬಹಳ ವರ್ಷ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ.

ವಿಜಾಪುರದಿಂದ ನಾನು ದಿನಾ ಬಸ್ಸಿಗೆ ಹೋಗಿಬರುತ್ತಿದ್ದ ತಿಕೋಟಾದಲ್ಲಿ, ನಮ್ಮ ಶಾಲೆಯ ಗೋಡೆಗೆ ಗೋಡೆ ಹಚ್ಚಿ ಸಂಗಪ್ಪನವರ ಮನೆ. ಹೊಲಮನೆ ಇದ್ದ ಒಕ್ಕಲುತನದವರು. ಅವರ ಹೆಂಡತಿ ಗಂಗವ್ವ. ಮೊದಲ ದಿನ ಶಾಲೆಯ ಕಟ್ಟೆಯ ಮೇಲೆ ಒಬ್ಬಳೇ ಕೂತು ಬುತ್ತಿ ಬಿಚ್ಚುತ್ತಿದ್ದ ನನ್ನನ್ನು ಕಂಡು, "ಏನ್ರಿ ಅಕ್ಕಾರ, ನಮ್ಮ ಮನಿ ಏನ್ ಸುಟ್ಟ ಹೋಗೇತೇನ್ರಿ, ಹೊರಗ ಕುಂತ ಉಣ್ಣಾಕತ್ತೀರಿ?" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಲ್ಲಿ ಅಕ್ಕಾರು ಎನ್ನುವುದೇ ರೂಢಿ. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಆಕೆಯ ಅಡುಗೆಮನೆಯಲ್ಲೇ. ಬುತ್ತಿ ಒಯ್ಯುವುದು ನೆಪಕ್ಕೆ ಮಾತ್ರ. ಆಕೆಯ ಒಲೆಯಿಂದ ಇಳಿದ ಬಿಸಿ ರೊಟ್ಟಿ, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಕೆನೆ ಮೊಸರು. ನನಗೆ ಅಕ್ಕ ಇರಲಿಲ್ಲ. ಇದ್ದಿದ್ದರೆ ಹೀಗೆಯೇ ಇರುತ್ತಿದ್ದಳು ಎಂದುಕೊಳ್ಳುತ್ತಿದ್ದೆ.

ಆ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ದಿನ ಅದನ್ನು ಕಂಡೆ. ನಾನು ಅದುವರೆಗೆ ನೋಡಿದ ಎಲ್ಲ ಗಿಂಡಿಗಳಿಗಿಂತ ಚೆಂದದ್ದು. ಮಾಗಿದ ನೇರಳೆಯ ಬಣ್ಣ, ಹಿಡಿಯ ಮೇಲೆ ಬಿದಿರಿನ ಗೆಣ್ಣಿನಂಥ ಗುರುತು. ಒಳಗೆ ದೇವರ ದೀಪದ ಬತ್ತಿಗಳನ್ನು ಹೊಸೆದು ತುಂಬಿದ್ದರು. ಮುಚ್ಚಳವಿರಲಿಲ್ಲ.

ನಾನು ಕೇಳಿದ್ದಕ್ಕೆ ಗಂಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಅದು ನಮ್ಮತ್ತಿಯ ಗಿಂಡಿರಿ. ಒಬ್ಬ ಚೀನಾದಾವ ರೇಷ್ಮಿ ಮಾರಾಕ ಬಂದಾವ ಇಲ್ಲೇ ಜ್ವರಾ ಬಂದ ಬಿದ್ದನಂತ. ಊರ ಮಂದಿ ಹತ್ತರ ಹೋಗಲಿಲ್ಲ. ನಮ್ಮತ್ತಿ ಇಪ್ಪತ್ತ ದಿನಾ ಅಂಬಲಿ ಕುಡಿಸಿ ಉಳಿಸಿದಳು. ಹೋಗುವಾಗ ರೇಷ್ಮಿ ಕೊಡಾಕ ಬಂದರ ಬ್ಯಾಡ ಅಂದಳಂತ. ಅದಕ್ಕ ತಾ ಚಹಾ ಕುಡಿಯೂ ಗಿಂಡಿ ಕೊಟ್ಟ ಹೋದ."

ಆ ಅತ್ತೆಗೆ ಇಬ್ಬರು ಗಂಡುಮಕ್ಕಳು, ಸಂಗಪ್ಪ ಮತ್ತು ಈರಪ್ಪ. ನೆಗಡಿ ಕೆಮ್ಮು ಬಂದಾಗಲೆಲ್ಲ ಆಕೆ ಅಜಿವಾನದ ಕಷಾಯವನ್ನು ಆ ಗಿಂಡಿಯಿಂದಲೇ ಇಬ್ಬರ ಬಾಯಿಗೂ ಹೊಯ್ಯುತ್ತಿದ್ದಳಂತೆ. ಆಕೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಹೊಲ ಎರಡಾಯಿತು, ಎತ್ತು ಹಂಚಿಹೋದವು, ಬಾವಿಯ ನೀರಿಗೆ ಪಾಳಿ ಬಿತ್ತು. ಆ ಪಾಳಿಯ ಮೇಲೆಯೇ ಮಾತು ಬೆಳೆದು ಇಬ್ಬರೂ ಆಡಬಾರದ್ದನ್ನು ಆಡಿಕೊಂಡರು. ಕಡೆಗೆ ಉಳಿದದ್ದು ಗಿಂಡಿ. ಹಿರಿಯ ಮಗನಿಗಿರಲಿ ಎಂದರು ಪಂಚರು. ಈರಪ್ಪ ಎದ್ದು ನಿಂತು, "ಗಿಂಡಿ ಅವನದಾದ್ರ ಮುಚ್ಚಳ ನಂದು" ಎಂದು ಮುಚ್ಚಳವನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು ಹೊರಟವರು, ಹೆಂಡತಿಯ ತವರಾದ ಬಬಲೇಶ್ವರದಲ್ಲಿ ಹೊಲ ಮಾಡಿಕೊಂಡು ಅಲ್ಲಿಯೇ ನಿಂತರು. ಎಂಟು ವರ್ಷಗಳಿಂದ ಮಾತಿಲ್ಲ.

"ಒಬ್ಬರ ಹಂತ್ಯಾಕ ಗಿಂಡಿ, ಒಬ್ಬರ ಹಂತ್ಯಾಕ ಮುಚ್ಚಳ," ಎಂದು ಗಂಗವ್ವ ಸಣ್ಣಗೆ ನಕ್ಕಳು. "ಯಾಂವ ಗೆದ್ದಾನ ಹೇಳ್ರಿ ಅಕ್ಕಾರ ಇದರಾಗ?"

ನಾನೂ ನಕ್ಕೆ. ನನ್ನ ಕಣ್ಣು ಗಿಂಡಿಯ ಮೇಲೆಯೇ ಇತ್ತು.

ಹದಿನೈದು ದಿನ ತಡೆದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ, ಸಂಗಪ್ಪನವರು ಊಟಕ್ಕೆ ಬಂದಿದ್ದಾಗ, ಹೊಸ ಕಿಟ್ಲಿಯನ್ನು ಚೀಲದಿಂದ ತೆಗೆದು ಮುಂದಿಟ್ಟು ಕೇಳಿಯೇಬಿಟ್ಟೆ. ಅವರು ಕಿಟ್ಲಿ ನೋಡಿದರು, ಹೆಂಡತಿಯ ಮುಖ ನೋಡಿದರು.

"ಮುಚ್ಚಳ ಇಲ್ಲದ ಗಿಂಡಿ ಒಯ್ದ ಏನ್ ಮಾಡ್ತೀರಿ ಅಕ್ಕಾರ?"

"ಹಳೇ ಸಾಮಾನು ನನಗ ಸೇರ್ತಾವ್ರಿ. ಜ್ವಾಕಿಯಿಂದ ಇಟ್ಕೋತೀನಿ."

"ಸಾಲಿ ಕಲಿಸೂ ಅಕ್ಕಾರು ಕೇಳಿದ ಮ್ಯಾಲ ಇಲ್ಲ ಅಂತ ಹ್ಯಾಂಗ ಅನ್ನಲಿ? ಒಯ್ರಿ. ನೋಡಿದಾಗೊಮ್ಮೆ ನನಗೂ ಹಳೇದೆಲ್ಲಾ ನೆನಪ ಆಗತೈತಿ" ಎಂದು ಅವರು ಕೈ ತೊಳೆಯಲು ಎದ್ದರು.

ಗಂಗವ್ವ ಬತ್ತಿಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಸೆರಗಿನಿಂದ ಗಿಂಡಿಯ ಒಳಗೆಲ್ಲ ಒರೆಸಿದಳು. ಒರೆಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಅದು ನನಗೆ ಕಂಡಿತು. ಕಂಡೂ ಕೈ ಚಾಚಿದೆ.

ರಂಗೂನ್ ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಳ ನೋಡಿದರು. "ನನ್ನದಕ್ಕಿಂತ ಛಲೋದೈತಿ," ಎಂದರು. ಕೂಡಲೇ ಕೇಳಿದರು, "ಮುಚ್ಚಳ ಎಲ್ಲಿ?" ಆಮೇಲೆ ತಮ್ಮ ಗಿಂಡಿಯನ್ನು ತಂದು ನೀರು ತುಂಬಿ, ಮುಚ್ಚಳದ ಸಣ್ಣ ತೂತಿಗೆ ಬೆರಳು ಒತ್ತಿ ಬಗ್ಗಿಸಿದರು. ಸೊಂಡಿಲಿನಿಂದ ಒಂದು ಹನಿಯೂ ಬೀಳಲಿಲ್ಲ. ಬೆರಳು ತೆಗೆದರೆ ಧಾರೆ. "ಒಂದ ಕೈಯಾಗ ಒಂದ ಮಣ್ಣಿನ್ಯಾಗ ಮಾಡಿದ್ದಕ್ಕ ಹಿಂಗ ಕೂಡತಾವು. ಬ್ಯಾರೆ ಮುಚ್ಚಳ ಹಾಕಿದ್ರ ನಡಿಯಾಂಗಿಲ್ಲ."

ಮುಂದಿನ ರವಿವಾರ ನಾನು ಬಬಲೇಶ್ವರದ ಬಸ್ಸು ಹತ್ತಿದೆ. ಅವ್ವನಿಗೆ ಗೆಳತಿಯ ಮನೆಗೆ ಎಂದು ಹೇಳಿದ್ದೆ. ಅದು ಆ ದಿನದ ಮೊದಲ ಸುಳ್ಳು.

ಈರಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಬಂದವರನ್ನು ಕಂಡು ಒಂದು ಕ್ಷಣ ಸಂಗಪ್ಪನವರೇ ಎಂದುಕೊಂಡೆ, ಅಷ್ಟು ಹೋಲಿಕೆ. ಹೆಂಡತಿ ನೀಲವ್ವ ನೀರು, ಬೆಲ್ಲ ತಂದಿಟ್ಟಳು. ತಿಕೋಟಾದ ಶಾಲೆಯ ಅಕ್ಕಾರು ಎಂದು ಕೇಳಿದ ಕೂಡಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರ ಜಗಲಿಯ ಮೇಲೆ, ಅರಿವೆಯ ಸಣ್ಣ ಸಿಂಬೆಯ ಮೇಲೆ ಅಂಗಾತವಾಗಿ ಕೂಡಿಸಿದ ಮುಚ್ಚಳ ಕೂತಲ್ಲಿಂದಲೇ ನನಗೆ ಕಾಣುತ್ತಿತ್ತು. ಅದರಲ್ಲಿ ವಿಭೂತಿ ಇಟ್ಟಿದ್ದರು.

ನಾನು ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಇನ್ನೊಂದು ಕಿಟ್ಲಿಯೂ ಚೀಲದಲ್ಲಿತ್ತು. ಆದರೆ ವಿಭೂತಿ ನೋಡಿದ ಮೇಲೆ ಕಿಟ್ಲಿ ತೆಗೆಯಲು ಕೈ ಬರಲಿಲ್ಲ. ಅಷ್ಟು ನಾಚಿಕೆ ಇತ್ತು ನನಗೆ. ಇನ್ನೂ ಸ್ವಲ್ಪ ನಾಚಿಕೆ ಇದ್ದಿದ್ದರೆ ಎದ್ದು ಬರುತ್ತಿದ್ದೆ.

"ಏನ್ ಕೆಲಸಾ ತಗದ್ರಿ ಅಕ್ಕಾರ ಇಷ್ಟ ದೂರ?" ಎಂದರು ಈರಪ್ಪನವರು.

"ಆ ಮುಚ್ಚಳಾ..." ಎಂದೆ. "ನಿಮ್ಮಣ್ಣಾರು ಕೇಳ್ಯಾರ್ರಿ."

ಬಾಯಿಂದ ಬಂದುಬಿಟ್ಟಿತು.

"ಅಣ್ಣ ಕೇಳ್ಯಾನ?"

"ಹೌದ್ರಿ."

"ತಾನ ಬಾಯಿ ಬಿಟ್ಟ ಕೇಳ್ಯಾನ?"

"ಹೌದ್ರಿ. ಗಿಂಡಿ ಬರೇ ಬಾಯಿಲೆ ಕುಂತೈತಿ, ಮುಚ್ಚಳ ಇದ್ರ ಛಲೋ ಅಂದ್ರು."

ಅವರು ಎದ್ದು ಜಗಲಿಯ ಮುಂದೆ ಹೋದರು. ವಿಭೂತಿಯನ್ನು ಒಂದು ಎಲೆಯ ಮೇಲೆ ತೆಗೆದಿಟ್ಟರು. ತಾವೇ ನೀರು ತೋಡಿ ಮುಚ್ಚಳ ತೊಳೆದರು. ನೀಲವ್ವ ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಬಂದಾಗ ಆಕೆಯ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಒಂದು ಡಬ್ಬಿ. "ನಮ್ಮ ನೆಗೆಣ್ಣಿಗೆ ಶೇಂಗಾದ ಹೋಳಿಗಿ ಅಂದ್ರ ಭಾಳ ಜೀವ. ಕೊಡ್ರಿ ಅಕ್ಕಾರ."

ಈರಪ್ಪನವರು ಮುಚ್ಚಳವನ್ನು ಹೊಸ ವಸ್ತ್ರದ ತುಂಡಿನಲ್ಲಿ ಸುತ್ತಿ ಕೈಗಿಟ್ಟರು. "ಎಳ್ಳಮಾಸಿಗೆ ಬರ್ತೇವಿ ಅಂತ ಹೇಳ್ರಿ ಅಣ್ಣಗ. ಚರಗಾ ಚೆಲ್ಲಾಕ ಅಲ್ಲೇ ನಮ್ಮವ್ವನ ಹೊಲಕ್ಕ ಬರ್ತೇವಿ."

ಎಳ್ಳಮಾವಾಸ್ಯೆಗೆ ಆಗ ನಾಲ್ಕು ವಾರಗಳಿದ್ದವು. ನಮ್ಮ ಕಡೆ ಆ ದಿನ ಬಂಧುಬಳಗವೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯ ಚೆಲ್ಲಿ, ಅಲ್ಲಿಯೇ ಉಂಡು ಬರುತ್ತಾರೆ. ಆ ದಿನ ಒಬ್ಬರ ಹೊಲದಲ್ಲಿ ಉಂಡರೆಂದರೆ ಮನಸ್ಸು ಕೂಡಿತೆಂದೇ ಲೆಕ್ಕ.

ಹೋಳಿಗೆಯ ಡಬ್ಬಿಯನ್ನು ಗಂಗವ್ವನಿಗೆ ಕೊಡುವಂತಿರಲಿಲ್ಲ. ಕೊಟ್ಟರೆ ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತಿತ್ತು. ವಿದ್ಯಾರ್ಥಿನಿಯೊಬ್ಬಳ ತಾಯಿ ಕೊಟ್ಟರು ಎಂದು ಅವ್ವನಿಗೆ ಹೇಳಿದೆ. ಅಪ್ಪ, ಅವ್ವ, ನಾನು ಮೂವರೂ ತುಪ್ಪ ಹಾಕಿಕೊಂಡು ತಿಂದೆವು. ಬಹಳ ಚೆನ್ನಾಗಿದ್ದವು. ಅವ್ವ ಡಬ್ಬಿ ಬರಿದು ಕಳಿಸಬಾರದೆಂದು ಅದರಲ್ಲಿ ಒಂದಿಷ್ಟು ಸಕ್ಕರೆ ತುಂಬಿ ಕೊಟ್ಟಳು. ಆ ಸಕ್ಕರೆಯ ಡಬ್ಬಿ ನನ್ನ ಟ್ರಂಕಿನಲ್ಲಿ ಉಳಿಯಿತು, ಇರುವೆ ಮುತ್ತುವತನಕ.

ಮುಚ್ಚಳ ಕೂತಿತು. ಹೇಗೆ ಕೂತಿತು ಎಂದು ಹೇಳಲಿ? ತುಟಿಗೆ ತುಟಿ ಸೇರಿದ ಹಾಗೆ, ಸಪ್ಪಳವಿಲ್ಲದೆ. ನೀರು ತುಂಬಿ ತೂತಿಗೆ ಬೆರಳಿಟ್ಟು ಬಗ್ಗಿಸಿದೆ. ಒಂದು ಹನಿ ಬೀಳಲಿಲ್ಲ. ಆ ಸಂಜೆ ನನಗಾದ ಸಂತೋಷ ಮುಂದೆ ಮದುವೆಯಲ್ಲಿಯೂ ಆಗಲಿಲ್ಲ ಎಂದರೆ ನಮ್ಮ ಯಜಮಾನರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ, ಅವರಿಗೂ ಗೊತ್ತಿತ್ತು.

ನಾಲ್ಕು ವಾರ ಗಂಗವ್ವನ ಎದುರು ಕೂತು ಉಂಡೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಬಬಲೇಶ್ವರದವರು ಯಾಕೆ ಬರುತ್ತಾರೆ, ಹಾಗೆ ಬಾಯಿಮಾತಿಗೆ ಹೇಳಿರುತ್ತಾರೆ ಎಂದೂ ಅಂದುಕೊಂಡೆ. ಬಂದರೆ ಒಳ್ಳೆಯದೇ ಆಯಿತಲ್ಲ, ಅಣ್ಣತಮ್ಮಂದಿರು ಕೂಡುತ್ತಾರೆ, ಪುಣ್ಯ ನನಗೇ ಬರಬೇಕು ಎಂಬ ಲೆಕ್ಕವನ್ನೂ ಹಾಕಿದೆ. ತಪ್ಪು ಮಾಡಿದವರಿಗೆ ಇಂಥ ಲೆಕ್ಕ ಬಹಳ ಬೇಗ ಬರುತ್ತದೆ. ಅಮಾವಾಸ್ಯೆಯ ಹಿಂದಿನ ದಿನ ಹೇಳಲೇಬೇಕೆಂದು ಒಳಗೆ ಹೋದರೆ ಗಂಗವ್ವ ಸಜ್ಜೆ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿದ್ದಳು. "ನೀವೂ ಬರ್ರಿ ಹೊಲಕ್ಕ" ಎಂದಳು. ನಾನು ತಲೆನೋವು ಎಂದೆ.

ಹೊಲದಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಎರಡು ದಿನ ಬಿಟ್ಟು ಶಾಲೆಗೆ ಹೋದಾಗ ಗಂಗವ್ವ ಹೇಳಿದಳು. ಆ ದಿನ ಆಕೆ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಶಾಲೆ ಬಿಟ್ಟ ಮೇಲೆ ತಾನೇ ಕಟ್ಟೆಗೆ ಬಂದಳು.

ದೂರದಲ್ಲಿ ತಮ್ಮನ ಗಾಡಿ ಬರುವುದನ್ನು ಮೊದಲು ಕಂಡವರು ಸಂಗಪ್ಪನವರೇ ಅಂತೆ. ಯಾರೂ ಏನೂ ಹೇಳದಿದ್ದರೂ, "ಇನ್ನೆರಡ ತಾಟ ತಗೀ" ಎಂದು ಹೆಂಡತಿಗೆ ಹೇಳಿದರಂತೆ. ಈರಪ್ಪನವರು ಗಾಡಿ ಇಳಿದು ಬಂದು ಅಣ್ಣನ ಕಾಲು ಮುಟ್ಟಿದರು. ಅಣ್ಣ ಭುಜ ಹಿಡಿದು ಎಬ್ಬಿಸಿದರು. ಕಡೆಗೆ ಈರಪ್ಪನವರು, ಏನಾದರೊಂದು ಆಡಬೇಕಲ್ಲ, "ಅಣ್ಣಾ, ಮುಚ್ಚಳ ಮುಟ್ಟಿತಿಲ್ಲ?" ಎಂದರು.

"ಯಾವ ಮುಚ್ಚಳ?"

"ಅವ್ವನ ಗಿಂಡೀದು. ನೀ ಕೇಳಿದ್ದಿಯಂತ, ಅಕ್ಕಾರು ಬಂದ ಒಯ್ದರಲ್ಲ."

"ನಾ ಯಾರನ್ನೂ ಕಳಿಸಿಲ್ಲ. ಗಿಂಡೀನ ಇಲ್ಲ ನಮ್ಮನ್ಯಾಗ. ಅಕ್ಕಾರಿಗೆ ಕೊಟ್ಟೇನಿ."

ಈರಪ್ಪನವರು ಅಣ್ಣನ ಮುಖವನ್ನೇ ನೋಡಿದರಂತೆ. "ಅವ್ವನ ಗಿಂಡಿ ಮಂದಿಗೆ ಕೊಟ್ಟಿ. ನನ್ನ ಮುಚ್ಚಳಾನೂ ಕೊಡಿಸಿದಿ. ನೀ ಕರದೀ ಅಂತ ನಾ ಖುಷೀಲೆ ಬಂದ್ನಲ್ಲೊ." ಸಂಗಪ್ಪನವರಿಗೂ ಸಿಟ್ಟು ಬಂತು. "ನಾ ಕರದಿಲ್ಲ" ಎಂದುಬಿಟ್ಟರು. ಹಾಗೆ ಹೇಳಬೇಕೆಂದು ಹೇಳಿದ್ದಲ್ಲ, ಗಿಂಡಿಯ ಸಲುವಾಗಿ ಮಾತಿಗೆ ಮಾತು ಹೇಳಿದ್ದು. ಬಡಿಸಿಟ್ಟ ತಾಟು ಬಡಿಸಿಟ್ಟ ಹಾಗೆಯೇ ಉಳಿಯಿತು. ನೀಲವ್ವ ಅಳುತ್ತ ಗಾಡಿ ಹತ್ತಿದಳು.

ಗಂಗವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದು ದಾರಿ ಸಿಗುತ್ತಿತ್ತು. "ಅಕ್ಕಾರ, ಆ ಮುಚ್ಚಳಾ ಬೇಕಿದ್ರ ನನಗ ಹೇಳಬೇಕಿಲ್ರಿ? ನಾನ ಹೋಗಿ ಇಸಗೊಂಡ ಬರ್ತಿದ್ದೆ. ಆ ನೆವಾ ಮಾಡಿಕೊಂಡರ ಹೋಗ್ತಿದ್ದೆ. ಎಂಟ ವರ್ಷ ಒಂದ ನೆವಾ ಹುಡಕಾಕತ್ತಿದ್ನಿ ನಾ" ಎಂದಳು. ಎದ್ದು ಒಳಗೆ ಹೋದಳು.

ಮರುದಿನವೇ ಗಿಂಡಿಯನ್ನು ತಂದು ಆಕೆಯ ಕೈಯಲ್ಲಿಟ್ಟೆ. ತೆಗೆದುಕೊಂಡು ಮಾಡದಲ್ಲಿಟ್ಟಳು. ನಾನು ಕೊಟ್ಟಿದ್ದ ಕಿಟ್ಲಿಯನ್ನು ತಂದು ನನ್ನ ಪಕ್ಕಕ್ಕಿಟ್ಟಳು. ಮುಚ್ಚಳ ಒಯ್ದು ಬಬಲೇಶ್ವರಕ್ಕೆ ಹೋದೆ. ತಪ್ಪಾಯಿತು ಎಂದೆ. ಸಂಗಪ್ಪನವರು ಕೇಳಿರಲಿಲ್ಲ, ನಾನೇ ಹುಟ್ಟಿಸಿ ಹೇಳಿದ್ದು ಎಂದೆ. ಈರಪ್ಪನವರು ಮುಚ್ಚಳ ತೆಗೆದುಕೊಂಡು ಮೊದಲಿನ ಜಾಗದಲ್ಲಿಟ್ಟರು. "ನಾಕ ವಾರ ನಮ್ಮಣ್ಣ ನನ್ನ ನೆನಿಸ್ಯಾನ ಅಂತ ತಿಳಕೊಂಡಿದ್ನಿ ಅಕ್ಕಾರ" ಎಂದಷ್ಟೇ ಹೇಳಿದರು.

ಮುಂದಿನ ವರ್ಷ ನಾನೇ ಅರ್ಜಿ ಕೊಟ್ಟು ವಿಜಾಪುರಕ್ಕೆ ವರ್ಗ ಮಾಡಿಸಿಕೊಂಡೆ. ಉಳಿದ ಗಿಂಡಿಗಳು ಮನೆಯಲ್ಲಿದ್ದವು, ಮತ್ತೆ ಹೊಸದನ್ನು ತರಲಿಲ್ಲ. ಸ್ವಲ್ಪ ದಿನಕ್ಕೆ ಚೀನಾದ ಜೊತೆ ಯುದ್ಧ ಬಂತು. ಅವ್ವ ಹೆದರಿ, "ವೈರಿ ದೇಶದ ಸಾಮಾನ ಮನ್ಯಾಗ ಇಟ್ಕೊಂಡ ಕುಂತೀ, ಪೊಲೀಸರು ನಿಮ್ಮಪ್ಪನ ನೌಕರಿ ತಗೀತಾರ" ಎಂದು ಅವನ್ನೆಲ್ಲ ಗೋಧಿಯ ಕಣಜದಲ್ಲಿ ಹುಗಿದಳು. ಯುದ್ಧ ನಿಂತರೂ ಅವು ಅಲ್ಲಿಯೇ ಇದ್ದವು. ಮೇಲಕ್ಕೆ ತೆಗೆಯಬೇಕೆಂದು ನನಗೂ ಅನಿಸಲಿಲ್ಲ. ಮನೆ ಬದಲಿಸುವಾಗ ಎರಡು ಒಡೆದವು. ಒಂದನ್ನು ರಂಗೂನ್ ಡಾಕ್ಟರರ ಮೊಮ್ಮಗಳಿಗೆ ಕೊಟ್ಟೆ.

ಯುದ್ಧ ಮುಗಿದು ಮೂರನೆಯ ಬೇಸಗೆ ಇರಬೇಕು. ಒಂದು ಮುಂಜಾನೆ ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ಬಹಳ ಇಳಿದುಹೋಗಿದ್ದಳು. ಸಂಗಪ್ಪನವರನ್ನು ವಿಜಾಪುರದ ದವಾಖಾನೆಗೆ ತಂದು ಮೂರು ದಿನವಾಗಿತ್ತು. ಪುಪ್ಪುಸದಲ್ಲಿ ನೀರು ತುಂಬಿತ್ತು.

"ಊರಾಗ ನನಗ ಗುರ್ತಿನವರು ನೀವೊಬ್ಬರ," ಎಂದಳು. "ಇವರು ನಿನ್ನಿಯಿಂದ ಒಂದ ಸಮನ ಈರ್ಯಾನ್ನ ಕರಸು, ಈರ್ಯಾನ್ನ ಕರಸು ಅನ್ನಾಕತ್ತಾರ. ನಾ ಇವರನ್ನ ಬಿಟ್ಟ ಹ್ಯಾಂಗ ಹೋಗಲಿ? ನೀವು ಬಬಲೇಶ್ವರಕ್ಕ ಹೋಗ್ತೀರೇನ್ರಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಹಾಗೆಯೇ ಹೊರಟೆ.

ಈರಪ್ಪನವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ನಾನು ಹೇಳಿದೆ. ಅಣ್ಣನಿಗೆ ಬೇನೆ ಜೋರಾಗಿದೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದೆ.

"ಅಣ್ಣ ಕೇಳ್ಯಾನ?" ಎಂದರು.

"ದೇವರಾಣಿ ಕೇಳ್ಯಾರ್ರಿ. ಗಂಗವ್ವ ತಾನ ಕಳಿಸ್ಯಾಳ ನನ್ನ."

"ಆವಾಗೂ ಹಿಂಗ ಅಂದಿದ್ರಿ ಅಕ್ಕಾರ ನೀವು."

ನೀಲವ್ವ ಹೊರಗೆ ಬಂದಳು. "ಸುಳ್ಳಾದ್ರ ಸುಳ್ಳಾಗಲಿ, ಹೋಗಿ ಬರೂಣ ನಡೀರಿ" ಎಂದಳು. ಈರಪ್ಪನವರು ತಲೆ ಅಲ್ಲಾಡಿಸಿದರು. "ಒಮ್ಮೆ ಹೋಗಿ ಮಂದ್ಯಾಗ ಮಾರಿ ಕಳಕೊಂಡ ಬಂದೇನಿ. ಬ್ಯಾಡ." ನಾನು ಅತ್ತೆ. ಕೈ ಮುಗಿದೆ. ಅವರು ಹಗ್ಗ ಹೊಸೆಯುತ್ತಲೇ ಇದ್ದರು. ಹಿಂದಿನ ಸಲ ಒಂದೇ ಒಂದು ಮಾತಿಗೆ ನಂಬಿದ್ದ ಮನುಷ್ಯ ಈಗ ನನ್ನ ಅಳುವನ್ನೂ ನಂಬಲಿಲ್ಲ. ಯಾಕೆ ನಂಬಬೇಕು?

ಸಂಜೆ ದವಾಖಾನೆಗೆ ಬಂದೆ. ಸಂಗಪ್ಪನವರು ದಿಂಬಿಗೆ ಒರಗಿ ಕೂತಿದ್ದರು, ಉಸಿರಿಗೆ ತ್ರಾಸ. ಬಾಗಿಲು ಸದ್ದಾದ ಕೂಡಲೇ ಕತ್ತು ಎತ್ತಿದರು. ನನ್ನ ಹಿಂದೆ ನೋಡಿದರು.

"ಬಂದಾನೇನ್ರಿ?"

ಗಂಗವ್ವ ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಳು. ನಾನು, "ನಾಳೆ ಮುಂಜಾನಿ ಬಸ್ಸಿಗೆ ಬರ್ತಾರ್ರಿ" ಎಂದೆ. ಅದು ನಿಜವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹೊಲದಾಗ ಅವತ್ತ ನಾ ಹಂಗ ಅನಬಾರದಿತ್ತು," ಎಂದರು ಅವರು. ಗಂಗವ್ವ ಅವರ ಎದೆ ನೀವುತ್ತ, "ನಾಳಿ ಅವನ ಮುಂದ ಹೇಳಿರಂತ, ಈಗ ಮಲಕ್ಕೋರಿ" ಎಂದಳು.

ಮರುದಿನ ಮಧ್ಯಾಹ್ನ ಈರಪ್ಪನವರು ಬಂದರು, ನೀಲವ್ವನೂ ಬಂದಳು. ಮುಂಜಾನೆ ತಿಕೋಟಾದ ಬದಿಯ ಹೊನವಾಡದ ಬಳಗದವರೊಬ್ಬರು ಆ ಕಡೆ ಬಂದವರು ಅದೇ ಸುದ್ದಿ ಹೇಳಿದ್ದರಂತೆ. ಅಷ್ಟರಲ್ಲಿ ಸಂಗಪ್ಪನವರಿಗೆ ಮಾತು ನಿಂತಿತ್ತು. ಕಣ್ಣು ತೆರೆದಿದ್ದವು, ಯಾರನ್ನೂ ಗುರುತಿಸುತ್ತಿರಲಿಲ್ಲ. ಈರಪ್ಪನವರು ಮಂಚದ ಪಕ್ಕ ನೆಲದ ಮೇಲೆ ಕೂತು, "ಅಣ್ಣಾ, ಈರ್ಯಾ ಬಂದೇನಿ. ಇಲ್ಲಿ ನೋಡು, ಈರ್ಯಾ" ಎಂದು ಮತ್ತೆ ಮತ್ತೆ ಹೇಳಿದರು. ಚಮಚದಿಂದ ತುಟಿಗೆ ನೀರು ಬಿಟ್ಟರು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಹೊತ್ತು ಮುಳುಗುವ ಮೊದಲು ಸಂಗಪ್ಪನವರು ಹೋದರು.

ತಿಕೋಟಾಕ್ಕೆ ಒಯ್ಯಲು ಗಾಡಿ ಗೊತ್ತು ಮಾಡುವತನಕ ನಾವೆಲ್ಲ ಹೊರಗೆ ಪಡಸಾಲೆಯಲ್ಲಿದ್ದೆವು. ಈರಪ್ಪನವರು ನನ್ನ ಹತ್ತಿರ ಬಂದು ನಿಂತರು. ನಾನು ನೆಲ ನೋಡುತ್ತ ನಿಂತಿದ್ದೆ. ನನಗೆ ಆಗಬೇಕಾದದ್ದು ಈಗ ಆಗಲಿ ಎಂದು ಕಾಯುತ್ತಿದ್ದೆ.

"ನಿನ್ನಿ ಅಣ್ಣ ಕೇಳಿದ್ದನಲ್ರಿ ನನ್ನ?" ಎಂದರು.

"ಕೇಳಿದ್ರು. ಬಂದಾನೇನು ಅಂತ ಕೇಳಿದ್ರು."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಿನ್ನಿ ನಿಮ್ಮ ಮಾರಿ ನೋಡಿದ ಕೂಡ್ಲೇ ಖರೇ ಅಂತ ಗೊತ್ತಾಗಿತ್ರಿ ನನಗ," ಎಂದರು. "ಗೊತ್ತಿದ್ದೂ ಹಟಾ ಮಾಡಿದ್ನಿ. ತಪ್ಪ ನಂದ ಐತಿ ಅಕ್ಕಾರ, ನೀವು ಅಳಬ್ಯಾಡ್ರಿ."

ಹಾಗೆ ಹೇಳಿ ಅವರು ನನ್ನನ್ನು ಬಿಡುಗಡೆ ಮಾಡಿದರು ಎಂದು ಅವ್ವ ಕೊನೆಯತನಕ ಹೇಳುತ್ತಿದ್ದಳು. ನನಗೆ ಒಂದು ದಿನವೂ ಹಾಗೆ ಅನಿಸಲಿಲ್ಲ.